ಹಂಪ್ ಬಂತು, ಎಲ್ಲರೂ ಇಳೀರಿ

ಹಳೇ ಹೋಂಡಾ ಸಿಟಿ ವಿಟೆಕ್ ಅಂದರೆ ಗೊತ್ತಿದ್ದವರ ಕಣ್ಣು ಇವತ್ತಿಗೂ ಅರಳುತ್ತದೆ. 2000ದ ಆಸುಪಾಸಿನಲ್ಲಿ ನಮ್ಮ ರಸ್ತೆಗಿಳಿದ ಕಾರು. ಒಂದೂವರೆ ಲೀಟರ್ ಎಂಜಿನ್, 106 ಕುದುರೆಗಳ ಬಲ. ಗೊತ್ತಿಲ್ಲದವರಿಗೆ ಅದೊಂದು ಡಬ್ಬಾ. ಕಲಬುರಗಿಯಲ್ಲಿ ಗೊತ್ತಿಲ್ಲದವರೇ ಜಾಸ್ತಿ. ನಮ್ಮ ಮನೆಯಲ್ಲಂತೂ ಎಲ್ಲರೂ ಅವರೇ.

ನನ್ನದಕ್ಕೆ ಸ್ಪ್ರಿಂಗ್ ಗಿಡ್ಡ, ಸೈಲೆನ್ಸರ್ ದಪ್ಪ, ಟೈರ್ ಅಗಲ. ಜಗತ್ ಸರ್ಕಲ್ ದಾಟುವಾಗ ಟ್ರಾಫಿಕ್ ಪೊಲೀಸರ ಕತ್ತು ತಾನಾಗಿಯೇ ತಿರುಗುತ್ತದೆ. ಸೀಟಿ ಊದಿ ನಿಲ್ಲಿಸುತ್ತಾರೆ. ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಎಲ್ಲಾ ನೋಡಿ, ಆಮೇಲೆ ಮೆಲ್ಲಗೆ, "ಎವರೇಜ್ ಎಷ್ಟ್ ಕೊಡ್ತದ್ರಿ?" ಎನ್ನುತ್ತಾರೆ. ಖರೇ ಹೇಳಿದರೆ ಅವರಿಗೇ ನಮ್ಮ ಮೇಲೆ ಕನಿಕರ ಬರುತ್ತದೆ.

ಕಾನೂನಿಗೆ ಮಾತ್ರ ಕನಿಕರ ಇಲ್ಲ. ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಾಡು ಮಾಡಿಸಿದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ. ಆರು ತಿಂಗಳ ತನಕ ಜೈಲೂ ಆಗಬಹುದು.

ಚುನಾವಣೆ ಹೊತ್ತು. ಆಳಂದದಿಂದ ಕಾಕಾ, ಕಾಕಿ, ಅವರ ಹುಡುಗರನ್ನು ಕರೆದುಕೊಂಡು ಬರುತ್ತಿದ್ದೆ. ಡಿಕ್ಕಿಯಲ್ಲಿ ಒಂದು ಚೀಲ ತೊಗರಿಬೇಳೆ. ಅದರ ಭಾರಕ್ಕೆ ಗಾಡಿ ಇನ್ನೂ ಕುಸಿದಿತ್ತು. ಹಂಪ್ ಬಂದಾಗಲೆಲ್ಲ ಗಾಡಿಯ ತಳ ತಾಗದ ಹಾಗೆ ಎಲ್ಲರೂ ಇಳಿಯಬೇಕು, ನಾನು ಓರೆಯಾಗಿ ಒಂದೊಂದೇ ಗಾಲಿ ಹತ್ತಿಸಬೇಕು. ಮನೆಯವರಿಗೆ ಇದು ರೂಢಿ, ಹೇಳುವುದೇ ಬೇಡ.

ಊರ ಹೊರಗಿನ ಚೆಕ್‌ಪೋಸ್ಟಿನ ಮುಂದೆಯೂ ಒಂದು ಹಂಪ್. ಬಾಗಿಲುಗಳು ಒಮ್ಮೆಲೇ ತೆರೆದವು. ಕಾಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಿರಬಿರನೆ ನಡೆದಳು, ಹಿಂದೆ ಹುಡುಗರು. ರೊಕ್ಕ ಸಾಗಿಸುವವರೇ ಪೊಲೀಸರನ್ನು ಕಂಡು ಓಡುತ್ತಿದ್ದಾರೆ ಅಂತ ಯಾರಿಗಾದರೂ ಅನಿಸಬೇಕು, ಅಲ್ವಾ? ಅನಿಸಿತು. ಪೊಲೀಸರೂ ಓಡಿ ಬಂದರು.

ಡಿಕ್ಕಿ ತೆಗೆಸಿದರು. ಒಬ್ಬರು ಚೀಲದೊಳಗೆ ಮೊಣಕೈ ತನಕ ಕೈ ಹಾಕಿ ತಡಕಾಡಿದರು. ತಳದ ತನಕ ಬೇಳೆಯೇ. ಅಂಗಿ ತೋಳಿಗೆ ಹತ್ತಿದ ಹಳದಿ ಪುಡಿ ಝಾಡಿಸುತ್ತಾ ನನ್ನನ್ನು ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ಸಾಹೇಬರು ಬಗ್ಗಿ ಗಾಡಿಯ ಕೆಳಗೆ ಇಣುಕಿ, "ಏನೇನ್ ಮಾಡ್ಸೀರಿ ಇದಕ್ಕ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಕಾಕಿ ಶುರು ಮಾಡಿದಳು. "ಸ್ಪ್ರಿಂಗ್ ತಗ್ಗಿಸ್ಯಾನ್ರಿ. ಸೈಲೆನ್ಸರ್ ಬ್ಯಾರೆ ಹಾಕ್ಯಾನ. ಗಾಲಿ ನೋಡ್ರಿ, ಎಷ್ಟ್ ಅಗಲ ಅವ." ಒಂದೊಂದು ಹೆಸರಿಗೂ ನನ್ನ ತಲೆಯಲ್ಲಿ ಐದೈದು ಸಾವಿರ ಕೂಡುತ್ತಿತ್ತು. ಹದಿನೈದಕ್ಕೆ ಬಂದಾಗ ಕಾಕಾ ಕೆಮ್ಮಿದರು. ಕಾಕಿಗೆ ಕೇಳಿಸಲಿಲ್ಲ. ಸ್ಟೇರಿಂಗ್‌ಗೆ ಬಂದಳು.

ಸಾಹೇಬರು ನಗು ತಡೆದುಕೊಂಡು, ಬರೀ ಸೈಲೆನ್ಸರ್‌ಗೆ ದಂಡ ಬರೆದು ರಸೀದಿ ಕೈಗಿಟ್ಟರು. ನಾನು ಗಾಡಿ ಚಾಲೂ ಮಾಡಿದೆ. ಕಾಕಿ ಹತ್ತಲಿಲ್ಲ.

"ಸಾಹೇಬ್ರ, ಉಳದದ್ದು ಬರ್ಕೊಳ್ಳಂಗಿಲ್ಲೇನ್ರಿ?"