ಮಾಸಾಶನಕ್ಕೆ ಶೇ 75 ಅಂಗವಿಕಲತೆ ಕಡ್ಡಾಯವಲ್ಲ

ಸಿಂಧನೂರು, ಮಾನ್ವಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಶೇ 75ಕ್ಕಿಂತ ಕಡಿಮೆ ಇದ್ದವರಿಗೆ ಮಾಸಾಶನ ಇಲ್ಲ. ನೂರಕ್ಕೆ ಇಬ್ಬರು ಮಾತ್ರ ಅಂಗವಿಕಲರು.’ ಕಳೆದ ವಾರ ನಾನೂ ಅದನ್ನು ಹಂಚಿಕೊಂಡಿದ್ದೆ. ಅದು ತಪ್ಪು, ಕ್ಷಮಿಸಿ.

ರಾಜ್ಯದಲ್ಲಿ ಶೇ 40ರಿಂದಲೇ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಆದಾಯದ ಮಿತಿ ಇದೆ, ನಿಜ. ಶೇ 75 ದಾಟಿದರೆ ಮೊತ್ತ ಹೆಚ್ಚುತ್ತದೆ. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಯೇ. ನಮ್ಮ ಓಣಿಯಲ್ಲಿ ಬಟ್ಟೆ ಹೊಲಿಯುವ ಅಕ್ಕನ ಒಂದು ಕಾಲಿಗೆ ಪೋಲಿಯೊ. ಶೇ 45 ಎಂದಿರುವ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಫೋಟೊ ಹಿಂದೆ ಇಟ್ಟಿದ್ದಾರೆ. ಈ ಸಂದೇಶ ಓದಿ ಅರ್ಜಿ ಹಾಕುವುದನ್ನೇ ಕೈಬಿಟ್ಟಿದ್ದರು. ನನಗೆ ತುಂಬಾ ನೋವಾಯಿತು.

‘ನೂರಕ್ಕೆ ಇಬ್ಬರು’ 2011ರ ಜನಗಣತಿಯ ಲೆಕ್ಕ: ದೇಶದಲ್ಲಿ 2.68 ಕೋಟಿ, ಶೇ 2.21. ಆಗ ಕೇಳಿದ್ದು ಎಂಟು ಬಗೆಯ ವೈಕಲ್ಯ ಮಾತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಥಲಸ್ಸೀಮಿಯಾ, ಕುಡುಗೋಲು ಕಣ ರಕ್ತಹೀನತೆಯಂಥ ರಕ್ತದ ಕಾಯಿಲೆಗಳು, ನರರೋಗವಾದ ಪಾರ್ಕಿನ್ಸನ್ ಕೂಡ ಅದರಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಗಣನೀಯ ವೈಕಲ್ಯವಿದೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ, ಕಳಿಸಿದ್ದರೆ ಅಳಿಸಿ. ಪ್ರಮಾಣಪತ್ರ ಇದ್ದವರು ನಾಡಕಚೇರಿಯಲ್ಲಿ, ಇಲ್ಲವೇ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಲ್ಲಿ ವಿಚಾರಿಸಿ. ಅಕ್ಕನ ಜೊತೆ ಸೋಮವಾರ ನಾನೂ ಹೋಗುತ್ತಿದ್ದೇನೆ.