ತಂತಿಗೆ ಚುಚ್ಚಿದ ಕಾರ್ಡುಗಳು

ವಿಜಯಪುರ, ಬಾಗಲಕೋಟೆ ಕಡೆಯ ಹಳೆ ಮನೆಗಳ ಪಡಸಾಲೆಯಲ್ಲಿ ಒಂದು ಗೂಟ, ಗೂಟಕ್ಕೊಂದು ತಂತಿ ಇರುತ್ತಿತ್ತು. ಕೆಳಗೆ ಕಟ್ಟಿಗೆಯ ಬಿಲ್ಲೆ, ಮೇಲೆ ಚೂಪು ಕೊಕ್ಕೆ. ಬೀಗರ ಕಾರ್ಡು, ಕಿರಾಣಿ ಚೀಟಿ, ಪಟ್ಟಿ ಕಟ್ಟಿದ ಪಾವತಿ, ಯಾವುದೇ ಬರಲಿ, ಓದಿ ಮುಗಿದ ಮೇಲೆ ಕೊಕ್ಕೆಗೆ ಚುಚ್ಚಿ ಕೆಳಗೆ ಜಾರಿಸುವುದು. ತಂತಿ ತುಂಬಿದರೆ ಅಟ್ಟಕ್ಕೆ, ಗೂಟಕ್ಕೆ ಹೊಸ ತಂತಿ. ಕಾಗದ ಜೋಡಿಸಿಡುತ್ತಿದ್ದೇವೆ ಎಂಬ ಎಣಿಕೆ ಯಾರಿಗೂ ಇರಲಿಲ್ಲ. ಆದರೂ ಅದರಷ್ಟು ಪ್ರಾಮಾಣಿಕ ಜೋಡಣೆ ಇನ್ನೊಂದಿಲ್ಲ: ಹಳೆಯದು ತಳಕ್ಕೆ, ಹೊಸದು ಮೇಲೆ, ನಡುವೆ ಯಾರ ಶಿಫಾರಸೂ ನಡೆಯುವುದಿಲ್ಲ.

ಇಂಥ ತಂತಿಯೊಂದು ದಾಖಲೆ ಸಂಗ್ರಹಕ್ಕೆ ಬಂದಾಗ ಮೊದಲು ಆಗುವ ಅನಾಹುತ ಉತ್ಸಾಹದ್ದು. ಕೊಕ್ಕೆಯ ಕಡೆಯಿಂದ ಸರ್ರನೆ ಎಳೆದರೆ ತುಕ್ಕಿಗೆ ಅಂಟಿದ ತೂತು ಹರಿಯುತ್ತದೆ, ಸುತ್ತಲಿನ ನಾಲ್ಕು ಅಕ್ಷರ ಪುಡಿಯಾಗಿ ಉದುರುತ್ತವೆ. ಇದ್ದದ್ದು ಇದ್ದ ಹಾಗೆ ನಾಲ್ಕೂ ಕಡೆಯಿಂದ ಫೋಟೊ ತೆಗೆಯಬೇಕು. ಆಮೇಲೆ ಇಕ್ಕಳದಿಂದ ತಂತಿಯನ್ನು ಬಿಲ್ಲೆಯ ಮೇಲ್ಗಡೆ ಕತ್ತರಿಸಿ, ತಳದಿಂದ ಒಂದೊಂದೇ ಕಾಗದ ಬಿಡಿಸಬೇಕು. ಹೀಗೆ ಮಾಡಿದರೆ ಹಳೆಯದೇ ಮೊದಲು ಕೈಗೆ ಬರುತ್ತದೆ. ಬಂದಂತೆಯೇ ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಹಗುರವಾಗಿ ಕಂತೆಯ ಸಂಖ್ಯೆ, ಕಾಗದದ ಸಂಖ್ಯೆ. ಪೆನ್ನು ಬೇಡ, ರಬ್ಬರ್ ಸ್ಟಾಂಪು ಮೊದಲೇ ಬೇಡ.

ಸಂಖ್ಯೆಗೆ ಇಷ್ಟು ಹಟ ಯಾಕೆಂದರೆ ನಮ್ಮ ಹಿರಿಯರು ತಿಥಿ ಬರೆದಾರು, ಇಸವಿ ಬರೆಯರು. ‘ರಕ್ತಾಕ್ಷಿ ಸಂವತ್ಸರ, ಮಾರ್ಗಶಿರ ವದ್ಯ ಪಂಚಮಿ’ ಎಂದಷ್ಟೇ ಇರುವ ಕಾರ್ಡನ್ನು ಎಲ್ಲಿ ಕೂರಿಸುವುದು? ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. 1864 ಆಗಲಾರದು, ಈ ದೇಶದಲ್ಲಿ ಅಂಚೆ ಕಾರ್ಡು ಶುರುವಾದದ್ದೇ 1879ರಲ್ಲಿ. ಕಾರ್ಡಿನ ಮೇಲೆ ದೊರೆಯ ತಲೆ ಇದ್ದರೆ 1984ರ ಪ್ರಶ್ನೆಯೂ ಇಲ್ಲ. ಉಳಿದದ್ದು 1924ರ ಡಿಸೆಂಬರ್, ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಸೇರಿದ ತಿಂಗಳು. ಶಕೆ ಇದ್ದರೆ 78 ಕೂಡಿಸಿ, ಕಂದಾಯ ಲೆಕ್ಕದ ಫಸಲಿ ವರ್ಷ ಇದ್ದರೆ 590 ಕೂಡಿಸಿ (ವರ್ಷದ ಕೊನೆಯ ತಿಂಗಳುಗಳಾದರೆ ಇನ್ನೊಂದು ಹೆಚ್ಚು). ಏನೂ ಇಲ್ಲದ ಚೀಟಿಗೆ ತಂತಿಯ ಮೇಲಿನ ನೆರೆಹೊರೆಯವರೇ ಸಾಕ್ಷಿ: ಕೆಳಗಿನದು ದೀಪಾವಳಿಯದು, ಮೇಲಿನದು ಸಂಕ್ರಾಂತಿಯದು ಅಂದಮೇಲೆ ಇದು ನಡುವಿನದು. ‘ವಿಷಯವಾರು ವಿಂಗಡಿಸೋಣ’ ಎಂದು ಎಲ್ಲ ಕಲಸಿದವರು ಆ ಸಾಕ್ಷಿಗಳನ್ನು ಊರು ಬಿಡಿಸಿದಂತೆ.

ಮದುವೆ, ಕುಬಸದ ಕಾರ್ಡುಗಳ ಮೂಲೆಗೆ ಅರಿಶಿನ ಇರುತ್ತದೆ. ಮುಪ್ಪಾದ ಕಾಗದದ ಆಮ್ಲ ತೆಗೆಯಲು ಸುಣ್ಣದ ತಿಳಿನೀರಿನಲ್ಲಿ ಅದ್ದುವ ಪದ್ಧತಿಯೊಂದುಂಟು. ಪುಸ್ತಕದಲ್ಲಿ ಅದು ಸರಿ. ಅರಿಶಿನಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆಂದು ಆರತಿ ತಟ್ಟೆ ಹಿಡಿದ ಹುಡುಗಿಗೂ ಗೊತ್ತು; ತೊಟ್ಟಿಯಲ್ಲಿ ಓಕುಳಿಯಾಗಿ ಕಾರ್ಡು ಕೆಂಪಗೆ ಹೊರಬರುತ್ತದೆ. ಅಂಥವನ್ನು ಒಣದಾಗಿಯೇ ಬಿಡುವುದು ಜಾಣತನ.

ಇನ್ನು ಸಾವಿನ ಕಾರ್ಡು. ಅದನ್ನು ಓದಿ ಹೊಸ್ತಿಲಾಚೆಯೇ ಹರಿದೊಗೆಯುವುದು ರೂಢಿ, ತಂತಿಗೆ ಏರುವ ಮಾತೇ ಇಲ್ಲ. ಹಾಗಾಗಿ ಮನೆತನದ ಕಾಗದಗಳಲ್ಲಿ ಮಂದಿ ಹುಟ್ಟುತ್ತಾರೆ, ಮದುವೆಯಾಗುತ್ತಾರೆ, ಸಾಯುವುದೇ ಇಲ್ಲ. ‘ಅಕ್ಕಾವರಿಗೆ ನಮಸ್ಕಾರ ತಿಳಿಸಬೇಕು’ ಎಂಬ ಸಾಲು ಒಂದು ಕಾರ್ಡಿನಿಂದಾಚೆಗೆ ನಿಂತುಹೋದದ್ದನ್ನು ನೋಡಿಯೇ ಊಹಿಸಬೇಕು.

ಒಣ ಸೀಮೆಯ ಕಾಗದಕ್ಕೆ ಬೂಷ್ಟಿಗಿಂತ ಮಡಿಕೆಯೇ ಶತ್ರು. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ನಾಲ್ಕು ಮಡಿಕೆಯ ಪತ್ರವನ್ನು ಅವಸರದಲ್ಲಿ ಬಿಚ್ಚಿದರೆ ಹಪ್ಪಳದ ಸದ್ದು ಮಾಡಿ ನಾಲ್ಕು ತುಂಡಾಗುತ್ತದೆ. ಮೊದಲು ಮಸಿ ನೀರಿಗೆ ಕದಡುತ್ತದೆಯೇ ಎಂದು ಅಂಚಿನ ಒಂದು ಚುಕ್ಕೆಯ ಮೇಲೆ ಒದ್ದೆ ಹತ್ತಿ ಮುಟ್ಟಿಸಿ ನೋಡಬೇಕು. ಕದಡದಿದ್ದರೆ, ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒದ್ದೆ ಬ್ಲಾಟಿಂಗ್ ಪೇಪರ್, ಅದಕ್ಕೆ ತಾಗದಂತೆ ಮೇಲೊಂದು ಜಾಳಿಗೆ, ಜಾಳಿಗೆಯ ಮೇಲೆ ಪತ್ರ. ಕೆಲವು ತಾಸಿನಲ್ಲಿ ಅದು ತಾನಾಗಿ ಮೆತ್ತಗಾಗುತ್ತದೆ. ಬಿಚ್ಚಿ, ಒಣ ಬ್ಲಾಟಿಂಗ್ ನಡುವೆ ಇಟ್ಟು ಭಾರ ಹೇರಿದರೆ ಮರುದಿನಕ್ಕೆ ಸಪಾಟು. ಡಬ್ಬಿಯಲ್ಲೇ ಮರೆತು ಮನೆಗೆ ಹೋದರೆ ಮಾತ್ರ ಒಣ ಸೀಮೆಯಲ್ಲೂ ಬೂಷ್ಟು ಕಾಣಬಹುದು.

ಹರಿದದ್ದಕ್ಕೆ ಸೆಲ್ಲೋಟೇಪು ಹಚ್ಚಿದ ಪುಣ್ಯಾತ್ಮರು ಎಲ್ಲ ಮನೆಯಲ್ಲೂ ಇದ್ದಾರೆ. ಕೆಲ ವರ್ಷಕ್ಕೆ ಟೇಪು ಉದುರಿ, ಅದರ ಅಂಟು ಒಳಗಿಳಿದು ಹಳದಿ ಪಟ್ಟಿಯಾಗಿ ಕೂರುತ್ತದೆ. ಲ್ಯಾಮಿನೇಶನ್ ಇನ್ನೂ ಕೆಟ್ಟದ್ದು, ಬಿಸಿಯಲ್ಲಿ ಒತ್ತಿದ ಮೇಲೆ ಬಿಡಿಸುವ ದಾರಿಯೇ ಇಲ್ಲ. ತೆಳು ಜಪಾನಿ ಕಾಗದ, ಗೋದಿ ಸತ್ವದ ತೆಳು ಅಂಟು ಸಾಕು. ಬೈಂಡಿಂಗ್‌ನವರು ಹುಳ ಬರಬಾರದೆಂದು ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ; ಅದರ ತಾಮ್ರವೇ ಕಾಗದವನ್ನು ತಿನ್ನುತ್ತದೆ. ಟಾಚಣಿ, ಸ್ಟೇಪಲ್ಲು ಎಲ್ಲ ಹೊರಗೆ. ಕೆಂಪು ಬಟ್ಟೆಯ ಗಂಟಿಗೆ ಹುಳ ಹತ್ತುವುದಿಲ್ಲವೆಂಬ ನಂಬಿಕೆ ಇರಲಿ, ಒಮ್ಮೆ ಮಾಳಿಗೆ ಸೋರಿದರೆ ಬಣ್ಣ ಬಿಟ್ಟು ಒಳಗಿನದೆಲ್ಲ ಗುಲಾಬಿ.

ಮನೆಯವರು ಸಂಗ್ರಹಕ್ಕೆ ಕೊಡಲು ಆರಿಸುವುದು ಸನ್ಮಾನಪತ್ರ, ದೊಡ್ಡವರು ಬರೆದ ಎರಡು ಪತ್ರ, ಚೌಕಟ್ಟಿನ ಫೋಟೊ. ರದ್ದಿಗೆ ಹೋಗುವುದು ತಂತಿ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಬಿಟ್ಟು ನವನಗರಕ್ಕೆ ಹೋಗುವವರಿರಲಿ, ಬೇರೆ ಯಾರೇ ಇರಲಿ, ಮನೆ ಬದಲಿಸುವಾಗ ಮೊದಲು ಹಗುರಾಗುವುದು ಅಟ್ಟ. ಸನ್ಮಾನಪತ್ರ ಯಾರಿಗೆ ಕೊಟ್ಟರೂ ಒಂದೇ ಎಂಬಂತಿರುತ್ತದೆ. ಜೋಳ ಎಷ್ಟು ಸೇರು, ಬೆಲ್ಲಕ್ಕೆ ಎಷ್ಟು ಆಣೆ, ಮಗಳ ಸೀರೆಗೆ ಯಾರ ಹತ್ತಿರ ಕೈಗಡ ಎನ್ನುವುದು ಕಿರಾಣಿ ಚೀಟಿಯಲ್ಲೇ ಸಿಗಬೇಕು, ಅದೂ ಎಷ್ಟೋ ಸಲ ಪದಕ್ಕೂ ಪದಕ್ಕೂ ನಡುವೆ ಜಾಗವೇ ಬಿಡದ, ಮರಾಠಿಯ ಹಳೆಯ ಓಟಬರಹವಾದ ಮೋಡಿ ಲಿಪಿಯಲ್ಲಿ. ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತರುವ ಮುಂಚೆ ಅಲೆದದ್ದು ಮನೆಗಳ ಓಲೆಗರಿಯ ಗಂಟು ಹುಡುಕಿಕೊಂಡೇ.

ಎಲ್ಲ ಬಿಡಿಸಿ, ಒಂದೊಂದನ್ನೂ ಆಮ್ಲವಿಲ್ಲದ ಕಾಗದದ ಲಕೋಟೆಗೆ ಹಾಕಿ, ಎರಡೂ ಬದಿ ಸ್ಕ್ಯಾನ್ ಮಾಡಿದ ಮೇಲೆ (ವಿಳಾಸದ ಬದಿಯನ್ನು ಬಿಟ್ಟರೆ ಅಂಚೆ ಮುದ್ರೆಯ ತಾರೀಖೇ ಹೋಯಿತು) ಮೇಜಿನ ಮೇಲೆ ತುಕ್ಕು ಹಿಡಿದ ತಂತಿ, ಕಟ್ಟಿಗೆ ಬಿಲ್ಲೆ ಉಳಿಯುತ್ತವೆ. ಎಸೆಯಬಾರದು. ಕಾಗದದಿಂದ ದೂರ, ಬೇರೆ ಪಾಕೀಟಿನಲ್ಲಿ, ಅದೇ ಕಂತೆಯ ಸಂಖ್ಯೆ ಬರೆದು ಇಡುವುದು. ಕಾರ್ಡುಗಳ ನಡುವಿನ ತೂತು ಎಲ್ಲಿಂದ ಬಂತೆಂದು ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ.