ಓದೋಕೆ ಮುಂಚೆ ಜಾತಕ ತಗೊಂಡ್ಬನ್ನಿ

ಇಂಗ್ಲಿಷ್ ಲೇಖಕ ಟೆರ್ರಿ ಪ್ರಾಚೆಟ್‌ನ ಡಿಸ್ಕ್‌ವರ್ಲ್ಡ್ ಅನ್ನೋ ತಮಾಷೆ ಫ್ಯಾಂಟಸಿ ಕಾದಂಬರಿ ಸರಣಿ ಓದ್ಬೇಕು ಅಂತ ಆಸೆಪಟ್ಟು ಎರಡು ವರ್ಷ ಆಯ್ತು, ಇನ್ನೂ ಒಂದು ಪುಟ ಓದಿಲ್ಲ, ಯಾಕಂದ್ರೆ ಎಲ್ಲಿಂದ ಶುರು ಮಾಡ್ಲಿ ಅಂತ ಓದಿರೋರನ್ನ ಬಾಯ್ತಪ್ಪಿ ಕೇಳ್ಬಿಟ್ಟೆ.

ಒಟ್ಟು 41 ಕಾದಂಬರಿ. 1983ರಲ್ಲಿ ಶುರು, 2015ರಲ್ಲಿ ಪುಣ್ಯಾತ್ಮ ತೀರ್ಕೊಂಡ ಮೇಲೆ ಅದೇ ವರ್ಷ ಕೊನೇದು ಬಂತು. ಮೊದಲ್ನೇದು 'ದಿ ಕಲರ್ ಆಫ್ ಮ್ಯಾಜಿಕ್', ಅದ್ರಿಂದಾನೇ ಶುರು ಮಾಡ್ತೀನಿ ಅಂದೆ. ಅಯ್ಯೋ ಬೇಡ ಮಾರಾಯಾ, ಅಂತ ಕೈ ಹಿಡ್ಕೊಂಡ್ರು, ರಾಹುಕಾಲದಲ್ಲಿ ಸೈಟ್ ರಿಜಿಸ್ಟ್ರೇಶನ್‌ಗೆ ಹೊರಟೋನನ್ನ ತಡೆಯೋ ಹಾಗೆ. ಅದು ಹಳೇ ಫ್ಯಾಂಟಸಿ ಕಾದಂಬರಿಗಳನ್ನ ಆಡ್ಕೊಂಡು ಬರೆದಿದ್ದಂತೆ, ಮೊದ್ಲು ಅವನ್ನೆಲ್ಲ ಓದಿರ್ಬೇಕಂತೆ. ಸಾಲದ್ದಕ್ಕೆ ಕೊನೇಲಿ ಹೀರೋ ಪ್ರಪಂಚದ ಅಂಚಿಂದ ಕೆಳಗೆ ಬೀಳ್ತಾನೆ, ಎಲ್ಲಿಗೆ ಬಿದ್ದ ಅಂತ ಗೊತ್ತಾಗೋದು ಎರಡನೇ ಪುಸ್ತಕದಲ್ಲಿ, ಅದು ಬಂದಿದ್ದು 1986ರಲ್ಲಿ. ಬಡಪಾಯಿ ಮೂರು ವರ್ಷ ಬೀಳ್ತಾನೇ ಇದ್ದ.

ಹಾಗಾದ್ರೆ ಎಲ್ಲಿಂದ ಸ್ವಾಮಿ? ಅಂದೆ. ಇಲ್ಲಿಂದ ಜಾತಕ ಶುರು. ಪೊಲೀಸರ ಕಥೆಗಳು, ಮಾಟಗಾತಿಯರ ಕಥೆಗಳು, ಯಮನ ಕಥೆಗಳು ಅಂತ ಸರಣಿಯೊಳಗೇ ಬೇರೆಬೇರೆ ಗುಂಪಂತೆ. ನಿಮ್ಮದು ಯಾವ ಗಣ, ಪೊಲೀಸ್ ಗಣಾನಾ ಮಾಟಗಾತಿ ಗಣಾನಾ? ಪೊಲೀಸ್ ಆದ್ರೆ ಎಂಟನೇದು, 'ಗಾರ್ಡ್ಸ್! ಗಾರ್ಡ್ಸ್!'. ಯಮನ ಕಥೆ ಬೇಕಿದ್ರೆ ನಾಲ್ಕನೇದು, 'ಮಾರ್ಟ್'. (ನಮ್ಮ ಯಮಂಗೆ ಕೋಣ, ಈ ಯಮಂಗೆ ಬಿಂಕಿ ಅನ್ನೋ ಬಿಳಿ ಕುದುರೆ. ಅವನು ಮಾತಾಡೋದೆಲ್ಲ ಕ್ಯಾಪಿಟಲ್ ಅಕ್ಷರದಲ್ಲೇ, ಕನ್ನಡಕ್ಕೆ ತಂದ್ರೆ ಏನ್ ಮಾಡ್ತಾರೋ, ನಮ್ಮಲ್ಲಿ ಕ್ಯಾಪಿಟಲ್ಲೇ ಇಲ್ವಲ್ಲ.) ದೇವ್ರು, ಮಠ, ರಾಜಕೀಯ ಅಂದ್ರೆ ಹದಿಮೂರನೇದು, 'ಸ್ಮಾಲ್ ಗಾಡ್ಸ್', ಅದ್ರಲ್ಲಿ ದೇವ್ರು ಆಮೆಯಾಗಿ ಸಿಕ್ಕಾಕೊಂಡಿರ್ತಾನೆ, ಊರ್ತುಂಬಾ ಅವನದೇ ಗುಡಿ, ನಿಜವಾದ ಭಕ್ತ ಮಾತ್ರ ಒಬ್ಬನೇ.

ಯಾವುದಾದ್ಮೇಲೆ ಯಾವುದು ಓದ್ಬೇಕು ಅಂತ ಒಬ್ರು ಚಾರ್ಟ್ ಕಳಿಸಿದ್ರು. ಬಣ್ಣಬಣ್ಣದ ಗೆರೆ, ಬಾಣದ ಗುರುತು, ಅಡ್ಡಡ್ಡ ಚುಕ್ಕಿಗೆರೆ, ನೋಡಿದ್ರೆ ಮೆಟ್ರೋ ಮ್ಯಾಪು. ಆದ್ರೆ ಮೆಟ್ರೋದಲ್ಲಿ ಲೈನ್ ಬದಲಾಯಿಸೋಕೆ ಮೆಜೆಸ್ಟಿಕ್ ಅಂತ ಒಂದು ಸ್ಟೇಷನ್ ಇದೆ, ಇಲ್ಲಿ ಎಲ್ಲಿ ಇಳಿದ್ರೂ ಯಾರೋ ಒಬ್ರು ನೀವು ತಪ್ಪು ಗಾಡಿ ಹತ್ತಿದ್ರಿ ಅಂತಾರೆ. ಎಲ್ಲಾ ಹೇಳಾದ್ಮೇಲೆ ಎಲ್ರದ್ದೂ ಒಂದೇ ಮಾತು: 'ಆಕ್ಚುಲಿ ಎಲ್ಲಿಂದ ಬೇಕಾದ್ರೂ ಓದ್ಬಹುದು.' ಅದನ್ನ ಮೊದ್ಲೇ ಹೇಳಕ್ಕೆ ಏನಾಗಿತ್ರೀ?

ಆ ಧೈರ್ಯದ ಮೇಲೆ ಹಳೇ ಪುಸ್ತಕದಂಗಡಿಗೆ ಹೋದೆ, ಇದ್ದಿದ್ದು ಒಂದೇ, 'ಐ ಶಲ್ ವೇರ್ ಮಿಡ್‌ನೈಟ್'. ತಂದು ಫೋಟೋ ಹಾಕಿದ್ದೇ ತಡ ಫೋನೋ ಫೋನು. ಅದು 38ನೇದು ಕಣ್ರೀ! ಅದ್ರಲ್ಲಿರೋ ಮಾಟಗಾತಿ ಹುಡುಗಿ ಕಥೇಲಿ ಅದಕ್ಕೆ ಮುಂಚೆ ಮೂರು ಪುಸ್ತಕ ಇದೆ, ಆ ಮೂರಕ್ಕೆ ಮುಂಚೆ ಮಾಟಗಾತಿ ಅಜ್ಜಿಯರದ್ದು ಓದಿರ್ಬೇಕು, ಅಜ್ಜಿಯರದ್ದಕ್ಕೆ ಮುಂಚೆ... ಫೋನ್ ಇಟ್ಟೆ.

ಅಂದಹಾಗೆ ಈ ಡಿಸ್ಕ್‌ವರ್ಲ್ಡ್ ಚಪ್ಪಟೆ ತಟ್ಟೆ ಥರ, ನಾಲ್ಕು ಆನೆ ಅದನ್ನ ಹೊತ್ಕೊಂಡಿವೆ, ಆನೆಗಳನ್ನ ಒಂದು ಆಮೆ ಹೊತ್ಕೊಂಡಿದೆ. ದಿಗ್ಗಜ, ಕೂರ್ಮ ಅಂತ ಕೇಳ್ಕೊಂಡೇ ಬೆಳೆದಿರೋ ನಮಗೆ ಇಷ್ಟು ಅರ್ಥ ಆಗೋಕೆ ಯಾವ ಚಾರ್ಟೂ ಬೇಡ. ನಮ್ಮನೆ ಊಟದ ಟೇಬಲ್ಲಿಗೂ ನಾಲ್ಕು ಕಾಲು, ಅದ್ರಲ್ಲಿ ಒಂದು ಮೋಟು. ಸದ್ಯಕ್ಕೆ 38ನೇದು ಆ ಕಾಲಿನ ಕೆಳಗಿದೆ, ಸಾರು ಚೆಲ್ತಾ ಇಲ್ಲ.